ಮನೆದೇವರು ಕೇಳುವ ಮೇಡಂ

ನದಿಮೂಲ, ಋಷಿಮೂಲ ಕೇಳಬಾರದೆಂದು ಹಿರಿಯರು ಹೇಳಿದ್ದಾರೆ. ಮನುಷ್ಯಮೂಲದ ವಿಚಾರದಲ್ಲಿ ಅವರು ಸುಮ್ಮನಿದ್ದುದರಿಂದ ಡಾಕ್ಟರ್ ಹೇಮಶ್ರೀಯವರು ಆ ಸಡಿಲಿಕೆಯನ್ನು ಧಾರಾಳವಾಗಿ ಬಳಸಿಕೊಂಡರು. ಕಡೂರಿನಲ್ಲಿ ಬೆಳಗಿನ ರೈಲು ಹತ್ತಿದರೆಂದರೆ, ಎದುರಿಗೆ ಕುಳಿತವರ ಹೆಸರನ್ನೂ ಕೇಳುವ ಮೊದಲೇ, ಬೀರೂರು ದಾಟುವಷ್ಟರಲ್ಲಿ, ನಿಮ್ಮ ಮನೆದೇವರು ಎಲ್ಲಿ ಎಂದು ಕೇಳಿಬಿಡುತ್ತಾರೆ. ಯಾವುದು ಎಂದಲ್ಲ, ಎಲ್ಲಿ ಎಂದು. ಉತ್ತರ ಸಿಕ್ಕಿತೋ, ತರೀಕೆರೆ ಬರುವ ಹೊತ್ತಿಗೆ ಆ ಪ್ರಯಾಣಿಕನ ಪೂರ್ವಿಕರನ್ನೆಲ್ಲ ಎತ್ತಿನ ಗಾಡಿಯಲ್ಲಿ ಕೂರಿಸಿ, ಎರಡು ಸೀಮೆ ದಾಟಿಸಿ, ಈ ಬಯಲಿಗೆ ತಂದು ಇಳಿಸಿರುತ್ತಾರೆ. ಊರು ಬಿಟ್ಟ ಸಂಸಾರ ಬೆಳೆ ಬದಲಾಯಿಸುತ್ತದೆ, ಮಾತು ಬದಲಾಯಿಸುತ್ತದೆ, ದೇವರನ್ನು ಮಾತ್ರ ಹಳೆಯ ಊರಿನಲ್ಲೇ ಬಿಟ್ಟು ವರ್ಷಕ್ಕೊಮ್ಮೆ ಹೋಗಿ ನೋಡಿಕೊಂಡು ಬರುತ್ತದೆ ಎಂಬುದು ಅವರ ಸಿದ್ಧಾಂತ.

ಐವತ್ತು ದಾಟಿದ ಹೆಂಗಸು. ನಡಿಗೆ ಮಾತ್ರ ಇನ್ನೇನು ರೈಲು ತಪ್ಪಿತು ಎನ್ನುವವರದು. ತಪ್ಪಿದ್ದು ಎಂದೂ ಇಲ್ಲ. ಬೇಸಿಗೆಯ ಧಗೆಯಲ್ಲೂ ಸೀರೆಯ ಮೇಲೊಂದು ಕಂದು ಬಣ್ಣದ ತೋಳಿಲ್ಲದ ಸ್ವೆಟರ್. ಅದರ ಜೇಬಿನಲ್ಲಿ ಪೆನ್ನು, ರೈಲಿನ ಪಾಸು, ಹುರಿಗಡಲೆ. ತರೀಕೆರೆಯಾಚೆಯ ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ತರಗತಿಗಳಿಗೆ ವಲಸೆ ಅಧ್ಯಯನವನ್ನು ಬೋಧಿಸುವ ಈ ವಿದುಷಿಯ ಜೀವಮಾನದ ವಲಸೆಯೆಂದರೆ ಅಜ್ಜಂಪುರದಲ್ಲಿ ಹುಟ್ಟಿ ಕಡೂರಿಗೆ ಸೊಸೆಯಾಗಿ ಬಂದದ್ದು, ಅಷ್ಟೆ. ವಿದ್ಯಾರ್ಥಿ ಏನೇ ಹೇಳಿ ನಿಲ್ಲಿಸಿದರೂ ‘ಆಮೇಲೆ?’ ಎನ್ನುವುದು ಅವರ ವಾಡಿಕೆ. ಇನ್ನೊಂದು ಹಟವೂ ಉಂಟು: ಯಾರು ಏನು ಹೇಳಿದರೋ ಅದನ್ನು ಕೂದಲೆಳೆಯಷ್ಟೂ ತಿದ್ದಬಾರದು. ಸುಳ್ಳು ಹೇಳಿದರೆ ಸುಳ್ಳನ್ನೇ ಬರೆದುಕೊಳ್ಳಬೇಕು, ಅದೂ ಅವರ ಆಸ್ತಿಯೇ ಎನ್ನುತ್ತಿದ್ದರು.

ಈ ಹಟವೇ ಕಳೆದ ವರ್ಷ ಅವರನ್ನು ಪೇಚಿಗೆ ಸಿಕ್ಕಿಸಿತು. ಸಮುದ್ರದಾಚೆಯ ಯಾವುದೋ ಚಳಿನಾಡಿನ ವಿಶ್ವವಿದ್ಯಾನಿಲಯದೊಡನೆ ವಿದ್ಯಾರ್ಥಿಗಳ ವಿನಿಮಯಕ್ಕೆ ಒಪ್ಪಂದವಾಗಿತ್ತು. ಅಲ್ಲಿಂದ ಒಬ್ಬರು ಬಂದರೆ ಇಲ್ಲಿಂದ ಒಬ್ಬರು ಹೋಗಬಹುದು. ಇಲ್ಲಿಂದ ಹೊರಡಲು ಆಯ್ಕೆಯಾದವಳು ಸಿಂಗಟಗೆರೆಯ ಭವ್ಯ, ಹೇಮಶ್ರೀಯವರ ನೆಚ್ಚಿನ ಶಿಷ್ಯೆ. ಗಡಿಗಳ ಕಾನೂನು, ನಿರಾಶ್ರಿತರ ನಗರಜೀವನ, ವಲಸೆ ಬಂದ ಮಕ್ಕಳ ಮಾತೃಭಾಷೆ ಎಂದು ಅಲ್ಲಿನ ಕೋರ್ಸುಗಳನ್ನು ಅವಳು ಆಗಲೇ ಆರಿಸಿಕೊಂಡು, ಮನೆಯವರ ಕಿವಿ ಕಿತ್ತುಹೋಗುವಷ್ಟು ಸಲ ಓದಿ ಹೇಳಿದ್ದಳು. ಅಲ್ಲಿಂದ ಬರುವವರಿಗೆ ಇಲ್ಲಿ ಇಟ್ಟಿದ್ದದ್ದು ಒಂದೇ ಕೋರ್ಸು, ‘ಮನೆದೇವರು ಮತ್ತು ವಲಸೆ’. ಇದು ವಲಸೆಯ ಪಾಠವೋ ದೇವರ ಪಾಠವೋ ಎಂದು ಅಲ್ಲಿಯವರಿಗೆ ಸಂಶಯ ಬಂತು. ಇದನ್ನು ತಮ್ಮ ಪದವಿಗೆ ಲೆಕ್ಕ ಹಿಡಿದು ಕ್ರೆಡಿಟ್ ಕೊಡಬಹುದೇ ಎಂದು ನೋಡಲು ಮಾರ್ತಾ ಎಂಬ ಪ್ರಾಧ್ಯಾಪಕಿ ಖುದ್ದು ಬಂದರು. ಕ್ರೆಡಿಟ್ ಇಲ್ಲವೆಂದರೆ ಅಲ್ಲಿಂದ ಯಾರೂ ಬರುವುದಿಲ್ಲ. ಯಾರೂ ಬರದಿದ್ದರೆ ಭವ್ಯ ಹೋಗುವುದಿಲ್ಲ.

ಹೇಮಶ್ರೀ ಅತಿಥಿಯನ್ನು ನೇರವಾಗಿ ಸಿಂಗಟಗೆರೆಗೆ, ಭವ್ಯಳ ಮನೆಗೇ ಕರೆದೊಯ್ದರು. ಆ ಮನೆಯವರ ದೇವರು ತುಂಗಭದ್ರೆಯ ಆಚೆ ದಡದಲ್ಲಿದೆಯೆಂಬುದು ಭವ್ಯಳಿಂದ ಅವರಿಗೆ ಗೊತ್ತಿತ್ತು. ಇದಕ್ಕಿಂತ ಒಳ್ಳೆಯ ನಿದರ್ಶನ ಎಲ್ಲಿ ಸಿಕ್ಕೀತು? ತೆಂಗಿನ ತೋಟದ ನೆರಳಲ್ಲಿ ಚಾಪೆ ಹಾಸಿತ್ತು. ಎಳನೀರಾಯಿತು, ಕೋಡುಬಳೆಯಾಯಿತು. ಭವ್ಯಳ ಅಜ್ಜಿ ಕಾಮಾಕ್ಷಮ್ಮ ರೇಷ್ಮೆ ಸೀರೆಯುಟ್ಟು ಬಂದು ಕುಳಿತ ಮೇಲೆ ಹೇಮಶ್ರೀ ತಮ್ಮ ಎಂದಿನ ಪ್ರಶ್ನೆಯನ್ನು ಕೇಳಿದರು.

“ನಮ್ದು ಇಲ್ಲೇ ಕಣಮ್ಮ, ಕೆರೆ ಏರಿ ಮೇಲೈತಲ್ಲ, ಅದೇ. ನಾವೇನು ಎಲ್ಲಿಂದ್ಲೂ ಬಂದೋರಲ್ಲ” ಎಂದರು ಕಾಮಾಕ್ಷಮ್ಮ.

ಪಕ್ಕದ ತೋಟದ ಪಂಚಾಕ್ಷರಪ್ಪನನ್ನು ಕೇಳಿದರೆ, ಅವನೂ ತನ್ನ ವಂಶ ಈ ಮಣ್ಣಿನಲ್ಲೇ ಮೊಳೆತದ್ದೆಂದು ಎದೆ ತಟ್ಟಿಕೊಂಡ. ಜೊತೆಗೆ ಬಂದಿದ್ದ ವಿಭಾಗದ ಮುಖ್ಯಸ್ಥ ದ್ವಾರಕಾನಾಥರ ಮುಖ ಬಾಡಿತು. ಅವರು ಮೆಲ್ಲಗೆ ಬಾಗಿ, ಅತಿಥಿಗೆ ಕನ್ನಡ ಬರುವುದಿಲ್ಲ, ಸ್ವಲ್ಪ ಅನುಕೂಲ ನೋಡಿ ಅನುವಾದ ಮಾಡಿಬಿಡಿ ಎಂದರು. ಭವ್ಯ ತಲೆ ತಗ್ಗಿಸಿ ಚಾಪೆಯ ಅಂಚು ಕೀಳುತ್ತಿದ್ದಳು. ಒಂದು ವಾಕ್ಯ, ಅಜ್ಜಿ ಆಡದ ಒಂದೇ ಒಂದು ವಾಕ್ಯ ಈ ಹುಡುಗಿಯನ್ನು ಸಮುದ್ರ ದಾಟಿಸಬಲ್ಲುದು. ಹೇಮಶ್ರೀ ಹುರಿಗಡಲೆಯೊಂದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಆಮೇಲೆ, ತಾವು ಎಲ್ಲಿಂದಲೂ ಬಂದವರಲ್ಲವೆಂದು ಈ ತಾಯಿ ಹೇಳುತ್ತಿದ್ದಾರೆ ಎಂದು ಇದ್ದದ್ದು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದರು. ಮಾರ್ತಾ ಪೆನ್ನು ಮುಚ್ಚಿದರು.

ಆಗ ಭವ್ಯ ತಲೆಯೆತ್ತಿದಳು. ಮನೆಯಲ್ಲಿ ಕೇಳುವ ಹಾಗೆ, ಒಂದಿಷ್ಟು ಮುದ್ದಿನಿಂದಲೇ ಕೇಳಿದಳು: “ಅಜ್ಜಿ, ನನ್ನ ಜವಳ ಎಲ್ಲಿ ತೆಗೆಸಿದ್ರಿ?”

ಮಗುವಿನ ಮೊದಲ ಕೂದಲು ಮನೆದೇವರಿಗೇ ಸಲ್ಲಬೇಕು. ಆ ವಿಷಯದಲ್ಲಿ ಯಾವ ಅಜ್ಜಿಯೂ ಸುಳ್ಳಾಡಲಾರಳು. ಕಾಮಾಕ್ಷಮ್ಮ ಮೊಮ್ಮಗಳನ್ನು ನೋಡಿದರು, ಬಿಳಿಯ ಅತಿಥಿಯನ್ನು ನೋಡಿದರು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕುಬಿಟ್ಟರು.

“ಹೊಳೆ ಆಚೆ ಕಣೇ. ದಾರಿ ಪೂರಾ ಅಳ್ತಾ ಬಂದಿದ್ದೆ ನೀನು” ಎಂದವರು, ದನಿ ತಗ್ಗಿಸಿ ಹೇಳಿದರು: “ಬಂದೋರು ಅಂತ ಗೊತ್ತಾದ್ರೆ ಕೆರೆ ನೀರು ಬಿಡೋವಾಗ ಕಡೇಲಿ ನಿಲ್ಲಿಸ್ತಾರೆ, ಹೊರಗಿನೋರ ಮುಂದೆ ಬಾಯಿ ಬಿಡ್ಬೇಡ ಅಂತಿದ್ರು ನಮ್ಮತ್ತೆ. ಅವರಿಗೆ ಅವರತ್ತೆ ಹೇಳಿದ್ರಂತೆ.”

ಆ ನೀರಿನ ಸರದಿ ಈಗ ಇಲ್ಲ. ತೋಟಗಳಿಗೆಲ್ಲ ಬೋರ್‌ವೆಲ್ ಬಂದು ಒಂದು ತಲೆಮಾರೇ ಕಳೆದಿದೆ. ಭಯ ಮಾತ್ರ ಅತ್ತೆಯಿಂದ ಸೊಸೆಗೆ, ಆ ಸೊಸೆಯಿಂದ ಅವಳ ಸೊಸೆಗೆ ಒಡವೆಯ ಹಾಗೆ ಇಳಿದು ಬಂದಿತ್ತು. ಹೇಮಶ್ರೀ ಇದನ್ನೂ ಒಂದಕ್ಷರ ಬಿಡದೆ ಅನುವಾದಿಸಿದರು. ಅಷ್ಟು ವರ್ಷ ರೈಲಿನಲ್ಲಿ ಸಿಕ್ಕ ಸಿಕ್ಕವರನ್ನು ಕೇಳುತ್ತ ಬಂದ ಪ್ರಶ್ನೆ ಕೆಲವರಿಗಾದರೂ ಚುಚ್ಚಿರಬಹುದೆಂದು ಅವರಿಗೆ ಹೊಳೆದದ್ದು ಅಂದೇ. ಆದರೂ ಆ ಗಳಿಗೆಯಲ್ಲಿ ಅವರ ಮನಸ್ಸನ್ನು ತುಂಬಿದ್ದು ಸಂತೋಷ. ಡಾಕ್ಟರೇಟ್ ಬಂದ ದಿನವೂ ಅಂಥ ಸಂತೋಷ ಆಗಿರಲಿಲ್ಲ. ತಮಗೆ ತೋಚದ ಪ್ರಶ್ನೆ ಶಿಷ್ಯೆಗೆ ತೋಚಿತ್ತು.

ಮಾರ್ತಾ ಮತ್ತೆ ಪೆನ್ನು ತೆರೆದಿದ್ದರು. ಮೊನ್ನೆ ಮೊನ್ನೆ ಬಂದವರನ್ನು ಮಾತಾಡಿಸುವುದು ನಮ್ಮ ವಿದ್ಯಾರ್ಥಿಗಳಿಗೆ ಗೊತ್ತು, ಬಂದು ತಲೆಮಾರುಗಳೇ ಕಳೆದರೂ ಅಂಜುತ್ತಲೇ ಇರುವವರನ್ನು ಮಾತಾಡಿಸುವುದು ಗೊತ್ತಿಲ್ಲ, ಅದನ್ನು ಕಲಿಯಲು ಅವರು ಇಲ್ಲಿಗೆ ಬರಲಿ ಎಂದು ಮಾರ್ತಾ ಕಡೂರಿಗೆ ಹಿಂದಿರುಗುವ ದಾರಿಯಲ್ಲೇ ಒಪ್ಪಿಗೆ ಕೊಟ್ಟರು. ದ್ವಾರಕಾನಾಥರು ಇದೆಲ್ಲ ತಮ್ಮದೇ ಯೋಜನೆಯೆಂಬಂತೆ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ತಲೆಯಾಡಿಸಿದರು. ಮಳೆಗಾಲ ಮುಗಿಯುತ್ತಲೇ ಭವ್ಯ ಹೊರಟಳು.

ಇಂಥವರು ನಮ್ಮ ಕಡೆಯ ಕಾಲೇಜುಗಳಲ್ಲಿ ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಒಂದೇ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಬಾಳನ್ನೆಲ್ಲ ಸವೆಸುತ್ತಾರೆ. ಲೋಕ ಅದನ್ನು ಚಟವೆಂದು ನಗುತ್ತದೆ, ನಗುವುದರಲ್ಲಿ ತಪ್ಪೂ ಇಲ್ಲ. ಆದರೆ ಆ ಪ್ರಶ್ನೆ ಅವರ ಕೈಯಲ್ಲಿ ಸೋಲುವ ದಿನ ಅವರೇ ಕಲಿಸಿದ ಮಗುವೊಂದು ಪಕ್ಕದಲ್ಲಿ ಕುಳಿತಿರುತ್ತದೆ, ಆ ಪ್ರಶ್ನೆಯನ್ನೇ ಎತ್ತಿಕೊಂಡು ಬೇರೊಂದು ಬಾಗಿಲಿನಿಂದ ಒಳಗೆ ಹೋಗುತ್ತದೆ. ಸೋತದ್ದು ಅವರಿಗೆ ಸೋಲೆನಿಸುವುದೇ ಇಲ್ಲ.