ಮಗ್ಗುಲು ಬದಲಿಸಿದ ಕಣಿವೆ

ಹೆಸ್ಟರ್ ತೋಟದ ಗೇಟಿಗೆ ಅಡ್ಡ ನಿಂತು ಅಗುಳಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಆಚೆ, ಮಂಜಿನಲ್ಲಿ, ಆರು ಜನ ಅವಳ ಅಣ್ಣ ಆಂಬ್ರೋಸನ ಶವಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದರು.

"ಗೇಟು ತೆಗಿ ಅತ್ತೆ, ಭುಜ ಬಿದ್ದೋಗ್ತಿದೆ," ಅಂದ ಆಂಬ್ರೋಸನ ಮಗ ಕ್ಲೆಮ್.

"ಯಾಕೆ, ರಸ್ತೆ ಇಲ್ವಾ ನಿಮಗೆ?"

"ರಸ್ತೇಲಿ ಸೊಂಟದುದ್ದ ನೀರು. ಈ ಸಲದ ಮಳೆಗೆ ನೆಲದೊಳಗಿಂದಾನೇ ಉಕ್ತಿದೆ. ಚರ್ಚಿಗೆ ಹೋಗಕ್ಕೆ ನಿನ್ನ ತೋಟ ಒಂದೇ ದಾರಿ."

"ಹೆಣ ಹೋದಲ್ಲಿ ಊರಿಗೆಲ್ಲ ದಾರಿ ಆಗುತ್ತೆ ಅಂತಾರೆ. ಇವತ್ತು ನೀವು. ನಾಳೆ ಬ್ರೈಟನ್ ಪೇಟೆಯಿಂದ ನಾಯಿ ಹಿಡ್ಕೊಂಡು ಬರೋರೆಲ್ಲ ನನ್ನ ಸೇಬಿನ ಮರದಡಿ ಓಡಾಡ್ತಾರೆ."

"ಅಜ್ಜಿ ಕಾಲದ ಮಾತು ಕಣೆ ಅದು. ಕಾನೂನು ಹಾಗೇನೂ ಹೇಳಲ್ಲ," ಅಂದಳು ಚರ್ಚಿನ ಕಸ ಗುಡಿಸುವ ವಿನಿ, ಹಿಂದಿನಿಂದ.

ಹೆಸ್ಟರಿಗೂ ಅದು ಗೊತ್ತಿತ್ತು. ಅವಳ ಗಂಟಲಲ್ಲಿ ಸಿಕ್ಕಿಕೊಂಡಿದ್ದು ದಾರಿಯಲ್ಲ, ಪೆಟ್ಟಿಗೆಯಲ್ಲಿದ್ದವನು. "ನಿಮ್ಮಪ್ಪ ಒಂದು ಸಲ ಬಂದಿದ್ದ ನನ್ನ ಮನೆಗೆ, ಕೆಸರು ಹೊಡ್ಕೊಂಡು. ಸಾಕಾಗಿದೆ."

\*

ಚಿಕ್ಕಂದಿನಲ್ಲಿ ಇಬ್ಬರೂ ಮೇಲಿನ ಇಳಿಜಾರಿನ ಹುಲ್ಲಲ್ಲಿ ಅಂಗಾತ ಮಲಗಿ ಮೋಡ ನೋಡುತ್ತಿದ್ದರು. ಕಣಿವೆಯೇನೋ ಇತ್ತು, ಅದರಲ್ಲಿ ಹೊಳೆಯಿರಲಿಲ್ಲ. ಹಾಗಾದರೆ ಕೊರೆದವರು ಯಾರು? ಮೇಷ್ಟ್ರು ಹೇಳಿದ್ದನ್ನೇ ಆಂಬ್ರೋಸ್ ತಾನು ಕಣ್ಣಾರೆ ಕಂಡವನ ಹಾಗೆ ಹೇಳುತ್ತಿದ್ದ. ಹಿಮಯುಗದಲ್ಲಿ, ಉತ್ತರಕ್ಕೆ ಹಿಮದ ಗೋಡೆ ನಿಂತಿದ್ದಾಗ ಇಲ್ಲಿ ನೆಲ ಆಳದವರೆಗೂ ಹೆಪ್ಪುಗಟ್ಟಿತ್ತಂತೆ. ಬೇಸಿಗೆಯಲ್ಲಿ ಮೇಲ್ಪದರ ಮಾತ್ರ ಕರಗುತ್ತಿತ್ತು. ಇಂಗಲು ಜಾಗವಿಲ್ಲದ ನೀರು ಬಿಳಿ ಸುಣ್ಣಗಲ್ಲನ್ನು ಗಂಜಿ ಮಾಡಿ ಎಳೆದುಕೊಂಡು ಇಳಿಯುತ್ತಿತ್ತು. ಲೋಕ ಬೆಚ್ಚಗಾದರೆ ನೀರು ಇಂಗಿ ಕಣಿವೆ ಒಣಗುವುದು. ಮತ್ತೆ ಚಳಿ, ಮತ್ತೆ ಕೊರೆತ.

"ಈಗ ಮಲಗಿದೆ ಪುಟ್ಟಿ. ಮೆತ್ತಗೆ ಮಾತಾಡು."

ಹೆಸ್ಟರ್ ಹುಲ್ಲಿಗೆ ಕಿವಿಯೊತ್ತುತ್ತಿದ್ದಳು. ಕಣಿವೆ ಉಸಿರಾಡುವುದು ಕೇಳಿಸಿತೆಂದೇ ಎಷ್ಟೋ ವರ್ಷ ನಂಬಿದ್ದಳು.

ದೊಡ್ಡವನಾಗಿ ಆಂಬ್ರೋಸ್ ಅದೇ ಹುಲ್ಲನ್ನು ಉತ್ತು ಚಳಿಗಾಲದ ಗೋಧಿ ಬಿತ್ತಿದ. ಅಕ್ಟೋಬರಿನ ಮಳೆ ಬರಿಮಣ್ಣನ್ನು ಕಣಿವೆಯುದ್ದಕ್ಕೂ ಎಳೆದು ತಂದು ಅವಳ ಅಡುಗೆಮನೆಗೆ ಸುರಿಯಿತು. ಮೊಣಕಾಲುದ್ದದ ಕೆಸರಲ್ಲಿ ನಿಂತು, ನಗಿಸಲು ನೋಡಿದ ಮಾರಾಯ: "ನಿದ್ದೇಲಿ ಮಗ್ಗುಲು ಬದಲಾಯಿಸ್ತು ಅಷ್ಟೇ ಪುಟ್ಟಿ."

"ಎಬ್ಬಿಸಿದ್ದು ನೀನು. ನಡಿ ಆಚೆ."

ಅಲ್ಲಿಗೆ ಅಣ್ಣ ತಂಗಿಯ ಮಾತು ಮುಗಿಯಿತು. ಕಣಿವೆಯ ತಿರುವಿನಾಚೆ, ಮನೆಯಿಂದ ಕಾಣದ ಆ ಇಳಿಜಾರಿಗೆ ಅವಳು ಮತ್ತೆ ಕಾಲಿಡಲಿಲ್ಲ.

\*

"ಕೆಸರು ಬಂದಿದ್ದು ಒಂದೇ ಸಲ ತಾನೆ?" ಅಂದ ಕ್ಲೆಮ್.

"ಮತ್ತೆ ಬರದ ಹಾಗೆ ಒಡ್ಡು ಹಾಕಿಸಿದ್ದೀನಲ್ಲ!"

"ಆ ಒಡ್ಡಾ? ನನ್ನ ಕೋಳಿ ದಾಟುತ್ತೆ ಅದನ್ನ," ಅಂದಳು ವಿನಿ. ಹೊತ್ತವರಲ್ಲಿ ಯಾರೋ ನಕ್ಕದ್ದಕ್ಕೆ ಪೆಟ್ಟಿಗೆ ಅಲುಗಿತು.

ಕ್ಲೆಮ್ ನಗಲಿಲ್ಲ. "ಅಪ್ಪ ಮರುವರ್ಷಾನೇ, ಮಣ್ಣು ಜಾರಬಾರದು ಅಂತ, ಇಳಿಜಾರನ್ನೆಲ್ಲ ಹುಲ್ಲಿಗೆ ಬಿಟ್ಟ, ಅತ್ತೆ. ಆಮೇಲೆ ಒಂದು ಕಾಳು ಬಿತ್ತಲಿಲ್ಲ. ಸಾಯೋ ತನಕ ಇನ್ನೊಬ್ಬರ ಹಸು ಹಾಲು ಕರೆದು ಹೊಟ್ಟೆ ಹೊರೆದ. ನಿಂಗೆ ಹೇಳ್ಬೇಡ ಅಂದಿದ್ದ. 'ಗೊತ್ತಾದ್ರೆ, ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳು ಅಂತಾಳೆ. ಅದೊಂದು ನನ್ನ ಕೈಲಾಗಲ್ಲ' ಅಂತ."

ಹೆಸ್ಟರ್ ಪೆಟ್ಟಿಗೆಯನ್ನೇ ನೋಡಿದಳು. ಇಷ್ಟು ವರ್ಷ ಪ್ರತಿ ಮಳೆಗೂ ತನ್ನ ಒಡ್ಡನ್ನು ತಾನೇ ಮೆಚ್ಚಿಕೊಂಡು ಬೆಚ್ಚಗೆ ಮಲಗಿದ್ದಳು.

"ಮೊಂಡ," ಅಂದಳು. "ಮೊಂಡ ಮುಂಡೇದು." ದುಃಖ ಒತ್ತರಿಸಿ ಬಂತು. ಅತ್ತುಕೊಂಡೇ ಅಗುಳಿ ಸರಿಸಿದಳು. "ನಿಧಾನ ಕಣ್ರೋ. ಅಲ್ಲಿ ಬೇರಿದೆ, ಎಡವೀರಿ."

ಮನೆಯ ಚಪ್ಪಲಿಯಲ್ಲೇ ಅವರ ಹಿಂದೆ ಹೊರಟಳು. ಸೇಬಿನ ಮರಗಳ ನಡುವೆ ಮಂಜು ಅವರನ್ನು ಒಬ್ಬೊಬ್ಬರನ್ನಾಗಿ ನುಂಗಿತು. ಪೆಟ್ಟಿಗೆಯೊಂದೇ ತೇಲಿಕೊಂಡು ಹೋಗುತ್ತಿರುವಂತೆ ಕಂಡಿತು.

ಚರ್ಚಿನಲ್ಲಿ ಎಲ್ಲರೂ ಕೂತ ಮೇಲೆ ವಿನಿ ನೆಲ ನೋಡಿ ತಲೆ ಚಚ್ಚಿಕೊಂಡಳು. ಬಾಗಿಲಿಂದ ಪೆಟ್ಟಿಗೆಯವರೆಗೆ ಹಾಸುಗಲ್ಲಿನ ಮೇಲೆ ಬಿಳಿ ಕೆಸರು. ಯಾರ ಹೆಜ್ಜೆ ಯಾವುದೆಂದು ತಿಳಿಯದಷ್ಟು ಕಲಸಿಹೋಗಿತ್ತು.

"ಅಯ್ಯೋ, ನಿನ್ನೆ ತಾನೆ ತೊಳೆದಿದ್ನಲ್ಲೇ!" ಎಂದು ಪಿಸುಗುಟ್ಟಿ ಒರೆಸುವ ಬಟ್ಟೆ ತಂದಳು.

ಮುಂದಿನ ಸಾಲಿನಿಂದ ಹೆಸ್ಟರ್ ಕಾಲು ಚಾಚಿ, ಕೆಸರು ಮೆತ್ತಿದ ಚಪ್ಪಲಿಯಿಂದ ಆ ಬಟ್ಟೆಯನ್ನು ಮೆಟ್ಟಿ ಹಿಡಿದಳು.

"ಬಿಡೇ," ಅಂದಳು. "ಒಣಗಲಿ."