ಗೋಣಿತಟ್ಟಿನ ಕೈಲಾಸ

೧೯೭೨ರ ಗಣಪತಿ ಹಬ್ಬಕ್ಕೆ ಬಸವಕಲ್ಯಾಣದ ಒಂದು ಓಣಿಯವರು ಚನ್ನಬಸಪ್ಪನಿಗೆ ಕೈಲಾಸ ಕಟ್ಟಲು ಹೇಳಿದರು. ದೂರದಿಂದ ನೋಡಿ ಕೈಮುಗಿಯುವಂಥದ್ದಲ್ಲ. ಜನ ಒಳಗೆ ಹೊಕ್ಕು, ಹಿಮದ ಗವಿಯಲ್ಲಿ ನಡೆದು, ಆಚೆ ಕಡೆಯಿಂದ ಹೊರಬರುವಂಥದ್ದು. ಮಂಠಾಳದ ಚನ್ನಬಸಪ್ಪ ಅದುವರೆಗೆ ನಾಟಕದ ಪರದೆ ಬರೆದುಕೊಂಡಿದ್ದವನು. ಬಿದಿರಿನ ಕೆಲಸಕ್ಕೆ ಗೆಳೆಯ ಅಬ್ದುಲ್ ರಜಾಕನನ್ನು ಕರೆದುಕೊಂಡ. ಹೆಂಡತಿ ಗಯಾಬಾಯಿ ಗೋಣಿತಟ್ಟು ಹೊಲಿದಳು.

ಬಿದಿರು ಬಾಗಿಸಿ ಕಮಾನು ನಿಲ್ಲಿಸಿದರು, ಹಗ್ಗ ಬಿಗಿದರು, ತಟ್ಟು ಹೊದಿಸಿ ಮಣ್ಣು ಮೆತ್ತಿ ಸುಣ್ಣ ಬಳಿದರು. ಒಣಗಿದ ಮೇಲೆ ರಜಾಕ ಕಮಾನಿಗೆ ಜೋತುಬಿದ್ದು ನೋಡಿದ. ಅಲುಗಲಿಲ್ಲ. ಆದರೂ ನಡುವೆ ಒಂದು ಕಂಬ ಕೊಡಬೇಕೇ ಎಂಬ ಮಾತು ಬಂತು.

"ಕಂಬ ಕಂಡ್ರ ಅದು ಮಂಟಪ ಆಗ್ತದ, ಗವಿ ಆಗಂಗಿಲ್ಲ," ಎಂದ ಚನ್ನಬಸಪ್ಪ.

"ನನಗೂ ಹಂಗ ಅನಸ್ತದ," ಎಂದ ರಜಾಕ.

ಗವಿ ತಣ್ಣಗಿರಲೆಂದು ಕಮಾನಿನ ಮೇಲೆ ಅಟ್ಟಣಿಗೆ ಕಟ್ಟಿ, ತಳಕ್ಕೆ ತೂತು ಕೊರೆದ ಗಡಿಗೆಗಳನ್ನು ಸಾಲಾಗಿ ಇಟ್ಟರು. ನೀರು ತೊಟ್ಟಿಕ್ಕುತ್ತಿರಬೇಕು. ಅಟ್ಟಣಿಗೆಯ ಮೇಲಿದ್ದು ಗಡಿಗೆ ತುಂಬಿಸುವ ಕೆಲಸ ಗಯಾಬಾಯಿಯದು.

ಹಬ್ಬದ ದಿನ ಮಧ್ಯಾಹ್ನದಿಂದಲೇ ಜನ ಮುಗಿಬಿದ್ದರು. ಮುಡಬಿಯವರು ಬಂಡಿ ಕಟ್ಟಿಕೊಂಡು ಬಂದಿದ್ದರು. ಸಾಲು ಕರಗಲಿಲ್ಲ, ನೀರೂ ನಿಲ್ಲಲಿಲ್ಲ. ಒಣಗಿದ್ದಾಗ ಹಗುರವಾಗಿದ್ದ ತಟ್ಟೂ ಮಣ್ಣೂ ನೀರು ಕುಡಿದು ಭಾರವಾಗುತ್ತಿವೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಸಂಜೆ ಹೊತ್ತಿಗೆ ಹಗ್ಗದ ಗಂಟೊಂದು ಜಾರಿದ್ದನ್ನು ರಜಾಕ ಕಂಡ. ಒಳಗಿದ್ದವರನ್ನೆಲ್ಲ ಹೊರಗೆ ನೂಕಿದ. ಬಾಗಿಲಲ್ಲಿದ್ದ ಚನ್ನಬಸಪ್ಪ ಮೇಲೆ ನೋಡಿ ಕೂಗಿದ, "ಗಯಾ, ಕೆಳಗ ಇಳಿ."

ಅವಳು ಕೊಡ ಕೆಳಗಿಟ್ಟು ಏಣಿಯ ಕಡೆ ತಿರುಗಿದಳು. ಅಷ್ಟರಲ್ಲಿ ಕಮಾನು ಮಡಚಿ ಬಿತ್ತು.

ಗಯಾಬಾಯಿಯ ಬೆನ್ನೆಲುಬು ಮುರಿದಿತ್ತು. ಇನ್ನು ಎದ್ದು ಕೂರುವುದಿಲ್ಲ ಎಂದು ಹುಮನಾಬಾದಿನ ಡಾಕ್ಟರು ಹೇಳಿದರು. ರಜಾಕ ದಿನಾ ದವಾಖಾನೆಗೆ ಬಂದು ಬೇವಿನ ಮರದಡಿ ಕೂರುತ್ತಿದ್ದ. ಒಳಗೆ ಮಾತ್ರ ಬರಲಿಲ್ಲ.

ಒಂದು ಬೆಳಿಗ್ಗೆ ಗಯಾಬಾಯಿ ಗಂಡನನ್ನು ಕೇಳಿದಳು, "ಅವತ್ತು ನೀರು ಬೀಳೂವಾಗ ಒಳಗಿಂದ ಹ್ಯಾಂಗ ಕಾಣತಿತ್ರಿ? ನಾ ಮ್ಯಾಲೇ ಇದ್ದೆ."

"ಭಾಳ ಛಲೋ ಕಾಣತಿತ್ತು."

"ನೀವು ನೋಡಿದ್ರೇನು?"

ಅವನು ಇಡೀ ದಿನ ಬಾಗಿಲಲ್ಲಿ ಜನರನ್ನು ಬಿಡುತ್ತ ನಿಂತಿದ್ದ. "ಇಲ್ಲ," ಎಂದ.

"ಹಂಗಾದ್ರ ಸುಳ್ಳು ಯಾಕ ಹೇಳ್ತೀರಿ," ಎಂದು ಅವಳು ಗೋಡೆಯ ಕಡೆ ಮುಖ ಹೊರಳಿಸಿದಳು.

ದೀಪಾವಳಿಗೆ ಮುಂಚೆಯೇ ತೀರಿಕೊಂಡಳು. ಮರುವರ್ಷ ಓಣಿಯವರು ಬಂದು, ಈ ಸಲ ಕಬ್ಬಿಣದ ಪೈಪಿನಲ್ಲಿ ಕಟ್ಟೋಣ ಎಂದರು. ಚನ್ನಬಸಪ್ಪ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡ. ಆಮೇಲೆ ಅವನು ಪರದೆಯನ್ನೂ ಬರೆಯಲಿಲ್ಲ. ಹುಮನಾಬಾದಿನ ಎಣ್ಣೆ ಅಂಗಡಿಯೊಂದರಲ್ಲಿ ಡಬ್ಬಿ ಹೊರಲು ಸೇರಿದ. ಸಂತೆಯಲ್ಲಿ ರಜಾಕ ಎದುರಾದರೆ ಇಬ್ಬರೂ ತಲೆ ತಗ್ಗಿಸಿ ಹೋಗಿಬಿಡುತ್ತಿದ್ದರು.