ಬಾಯಿಗೇ ಬರುವ ಹಣ್ಣಿನ ಕೊಡೆ

ನಾನು ಕೊಡೆ ರಿಪೇರಿ ಮಾಡುವವನು. ಓದು ಎರಡನೇ ಕ್ಲಾಸಿನಲ್ಲೇ ನನಗೆ ಕೈಮುಗಿದು ಹೊರಟುಹೋಯಿತು, ನಾನೂ ಹಿಂದೆ ಬಿದ್ದು ಕರೆಯಲಿಲ್ಲ. ಅದರ ಪಾಲಿನದೂ ಸೇರಿ ಬಾಯಿ ಮಾತ್ರ ಡಬಲ್ ಸಿಕ್ಕಿತು. ಬೇಕರಿಯ ಪಕ್ಕದ ಮೆಟ್ಟಿಲ ಕೆಳಗೆ ನನ್ನ ಅಂಗಡಿ. ಒಂದು ಸ್ಟೂಲು, ಒಂದು ಇಕ್ಕಳ, ಡಬ್ಬಿ ತುಂಬ ಸ್ಪ್ರಿಂಗು, ಎದುರಿಗೆ ಕಾಯುತ್ತ ನಿಂತ ಗಿರಾಕಿ. ಕಾಯುವವರಿಗೆ ಹೊತ್ತು ಹೋಗಬೇಡವೇ? ಅದಕ್ಕೇ ಕಥೆ ಹೇಳುತ್ತಿದ್ದೆ.

ಒಮ್ಮೆ ಜೋರು ಗಾಳಿ ಬಂದು ನನ್ನ ಕೊಡೆ ಹಾರಿತು. ಬಿಟ್ಟರೆ ಕೊಡೆ ಹೋಗುತ್ತದೆ ಎಂದು ಹಿಡಿದುಕೊಂಡೆ, ನಾನೂ ಹಾರಿದೆ. ಮೂರು ಬೀದಿ ದಾಟಿ ನೇರ ಸೆಲೂನಿನ ಕುರ್ಚಿಯಲ್ಲಿ ಹೋಗಿ ಕುಳಿತೆ. ಹೇಗೂ ಬಂದಾಯಿತಲ್ಲ ಎಂದು ಕಟಿಂಗ್ ಮಾಡಿಸಿಕೊಂಡು ನಡೆದುಕೊಂಡು ವಾಪಸ್ ಬಂದೆ. ಇಂಥವು ನನ್ನ ಹತ್ತಿರ ಇನ್ನೂರು ಇವೆ. ಗಿರಾಕಿಗಳು ನಗುತ್ತಾರೆ, ಕೊಡೆ ತೆಗೆದುಕೊಂಡು ಹೋಗುತ್ತಾರೆ. ಇಷ್ಟು ವರ್ಷ ಯಾರಿಗೂ ಒಂದು ಗೀರೂ ಆಗಿರಲಿಲ್ಲ.

ಆಗಿದ್ದು ನನ್ನ ಮೊಮ್ಮಗಳಿಗೆ. ಅವಳನ್ನು ಮನೆಯಲ್ಲಿ ಚೂಟಿ ಎನ್ನುತ್ತೇವೆ. ಮೂರನೇ ಕ್ಲಾಸು. ನನ್ನ ಕಥೆಗಳನ್ನೆಲ್ಲ ಒಂದಕ್ಷರ ಬಿಡದೆ ನಂಬಿ, ಒಂದಕ್ಷರ ಬಿಡದೆ ಕ್ಲಾಸಿನಲ್ಲಿ ಹೇಳಿಬಿಡುತ್ತಿದ್ದಳು. ಕ್ಲಾಸಿನವರು ಅವಳಿಗೆ ‘ಬುರುಡೆ’ ಎಂದು ಹೆಸರಿಟ್ಟರು. ಬುರುಡೆ ಬಿಡುವವನು ನಾನು, ಹೆಸರು ಮಗುವಿಗೆ!

ಒಂದು ಸಂಜೆ ಅವಳು ಚೀಲ ಇಳಿಸದೆ ನನ್ನ ಸ್ಟೂಲಿನ ಮುಂದೆ ನಿಂತಳು.

“ಅಜ್ಜಾ, ಹಣ್ಣಿನ ಕೊಡೆ ಕಥೆ ಹೇಳಿದ್ಯಲ್ಲ.”

ಹೇಳಿದ್ದೆ. ಒಂದು ದೊಡ್ಡ ಮನೆಯ ಪಾರ್ಟಿಗೆ ನಾನು ಹಣ್ಣಿನ ಕೊಡೆ ಮಾಡಿಕೊಟ್ಟೆ, ಪ್ರತಿ ತಂತಿಯ ತುದಿಗೂ ಹಣ್ಣು ಚುಚ್ಚಿದ ಕಡ್ಡಿ, ಹಣ್ಣಿನ ಮೇಲೆಲ್ಲ ಚಾಕೊಲೇಟ್, ಗುಂಡಿ ಒತ್ತಿದರೆ ಕೊಡೆ ಬಿಚ್ಚಿಕೊಂಡು ಹಣ್ಣು ತಾನಾಗಿ ಬಾಯಿಗೇ ಬರುತ್ತದೆ ಎಂದು.

“ನನ್ನ ಬರ್ತ್‌ಡೇಗೆ ನಮ್ಮಜ್ಜ ಅದನ್ನೇ ಮಾಡ್ತಾನೆ ಅಂದ್ಬಿಟ್ಟೆ. ತೋರ್ಸು ಏನಂದ್ಳು ಗೊತ್ತಾ?”

ತೋರ್ಸು ಎಂದರೆ ಅವಳ ಕ್ಲಾಸಿನ ಎರಡು ಜಡೆಯ ಹುಡುಗಿ. ಏನು ಹೇಳಿದರೂ “ತೋರ್ಸು ನೋಡೋಣ” ಎನ್ನುವುದರಿಂದ ಆ ಹೆಸರು.

“ತೋರ್ಸು ಅಂದ್ಳಾ?”

“ಹೂಂ. ಭಾನುವಾರ ಇಡೀ ಕ್ಲಾಸು ಬರುತ್ತಂತೆ. ಕೊಡೆ ಇಲ್ದಿದ್ರೆ ನಾನು ಹತ್ತನೇ ಕ್ಲಾಸಿನ ತನಕ ಬುರುಡೆನೇ ಅಂತೆ.” ಅವಳು ಶೂಸಿನ ತುದಿ ನೋಡುತ್ತ ಕೇಳಿದಳು, “ಅಜ್ಜಾ, ಬೇರೆ ಕಥೆ ಎಲ್ಲ ಸುಳ್ಳಾದ್ರೂ ಪರ್ವಾಗಿಲ್ಲ. ಇದೊಂದು ನಿಜ ತಾನೇ?”

ಬೇರೆಯವರಾಗಿದ್ದರೆ ಸತ್ಯ ಹೇಳುತ್ತಿದ್ದರೋ ಏನೋ. ನಾನು, “ನಿಜ. ನೂರಕ್ಕೆ ನೂರು” ಎಂದೆ. ಅಂದಮೇಲೆ ಮಾಡದೆ ವಿಧಿಯಿಲ್ಲವಲ್ಲ.

ಚೂಟಿಯ ಅಮ್ಮನಿಗೆ, ಅಂದರೆ ನನ್ನ ಮಗಳಿಗೆ, ಹೇಳಿದಾಗ ಅವಳು ಹೊಲಿಗೆ ಮೆಷಿನ್ ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಅಪ್ಪಾ, ನಿನ್ನ ನಾಲಿಗೆಗೂ ಒಂದು ಬ್ರೇಕ್ ಹಾಕಿಸ್ಬೇಕಿತ್ತು.”

“ಹಾಕಿಸೋಣ. ಮೊದಲು ಒಂದು ಹೊಸ ಕೊಡೆ ಕೊಡಿಸು.”

ಎಂಟು ತಂತಿಯ ದೊಡ್ಡ ಕೊಡೆ ತಂದೆ. ಬಿಸಿನೀರು, ಸೋಪು ಹಾಕಿ ಮೂರು ಸಲ ಉಜ್ಜಿದೆ. ಇದ್ದ ಸ್ಪ್ರಿಂಗ್ ತೆಗೆದು ನನ್ನ ಡಬ್ಬಿಯಲ್ಲೇ ಗಟ್ಟಿಯಾದದ್ದನ್ನು ಕೂರಿಸಿದೆ. ಮನೆಯಲ್ಲಿ ಫ್ಯಾನು ಬಿಚ್ಚಿ, ಆ ಕೊಕ್ಕೆಗೆ ಹಗ್ಗ ಕಟ್ಟಿ, ಚೂಟಿಯ ಕೈಗೆ ಗುಂಡಿ ಎಟುಕುವಂತೆ ಕೊಡೆ ತೂಗುಹಾಕಿ ಒತ್ತಿ ನೋಡಿದೆ. ಠಪ್! ಹೂವು ಅರಳಿದ ಹಾಗೆ ಬಿಚ್ಚಿಕೊಂಡಿತು. ನನಗೇ ನನ್ನ ಮೇಲೆ ಗೌರವ ಬಂತು.

ಭಾನುವಾರ ಬೆಳಿಗ್ಗೆ ಮೂವರೂ ಅಡುಗೆಮನೆಯಲ್ಲಿ ಕುಳಿತೆವು. ಎಂಟು ತಂತಿಗೆ ಮೂರು ಮೂರು ಕಡ್ಡಿ, ಒಟ್ಟು ಇಪ್ಪತ್ತನಾಲ್ಕು. ಕ್ಲಾಸಿನ ಲೆಕ್ಕಕ್ಕೆ ಸರಿಯಾಯಿತು. ಮಕ್ಕಳ ಕಣ್ಣಿಗೆ ಚುಚ್ಚಬಾರದೆಂದು ಕಡ್ಡಿಗಳ ಚೂಪು ತುದಿಯನ್ನೆಲ್ಲ ಕತ್ತರಿಸಿದೆ. ಚೂಟಿ ಹಸಿರು ದ್ರಾಕ್ಷಿ ಪೋಣಿಸಿ ಕಂಬಳಿಹುಳ ಮಾಡಿದಳು. ಮಗಳು ಬಾಳೆಹಣ್ಣಿನ ಬಿಲ್ಲೆಗಳ ಮೇಲೆ ಸ್ಟ್ರಾಬೆರಿ ಟೋಪಿ ಇಟ್ಟು ರಾಕೆಟ್ ಮಾಡಿದಳು. ನಾನು ಅನಾನಸ್ಸಿನಲ್ಲಿ ಮೀನು ಮಾಡಿದೆ. ಅದು ಚಪ್ಪಲಿಯ ಹಾಗಿದೆ ಎಂದರು. ಚಪ್ಪಲಿಯೇ ಎಂದು ಒಪ್ಪಿಕೊಂಡೆ.

ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಚಾಕೊಲೇಟ್ ಕರಗಿಸಿದೆವು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತೊಳೆದ ದ್ರಾಕ್ಷಿಯನ್ನು ನಾನು ಹಾಗೇ ಅದ್ದಿದೆ. ಒಂದು, ಎರಡು, ಮೂರನೇ ಕಡ್ಡಿಗೆ ಚಾಕೊಲೇಟ್ ಮುಖ ಗಂಟಿಕ್ಕಿತು. ತಿರುಗಿಸಿದಷ್ಟೂ ಉಂಡೆ ಉಂಡೆ. ಕೊನೆಗೆ ಗಾರೆಯವನ ಬಾಣಲೆಯಲ್ಲಿ ಉಳಿದ ಸಿಮೆಂಟಿನ ಹಾಗೆ ಕುಳಿತುಬಿಟ್ಟಿತು.

ಚೂಟಿ ಓಡಿಹೋಗಿ ಬೇಕರಿಯವನನ್ನು ಎಳೆದು ತಂದಳು. ಅವನು ಬಟ್ಟಲಿಗೆ ಇಣುಕಿ, ನನ್ನ ಕೈಯ ಒದ್ದೆ ದ್ರಾಕ್ಷಿಗೆ ಇಣುಕಿ, ಸೊಂಟದ ಮೇಲೆ ಕೈ ಇಟ್ಟ.

“ಅಜ್ಜಾ, ಕರಗಿದ ಚಾಕೊಲೇಟಿಗೆ ಹನಿ ನೀರು ಬಿದ್ರೂ ಅದು ಮುನಿಸ್ಕೊಳ್ಳುತ್ತೆ. ಹಣ್ಣು ಒರೆಸ್ಬೇಕು ಅಂತ ಗೊತ್ತಿಲ್ವಾ?”

“ನಲವತ್ತು ವರ್ಷ ಊರನ್ನೇ ನೆನೆಯದ ಹಾಗೆ ಕಾಪಾಡಿದವನಪ್ಪ ನಾನು,” ಎಂದೆ.

“ಊರು ಇರ್ಲಿ, ಈ ಬಟ್ಟಲು ಕಾಪಾಡಿದ್ರೆ ಸಾಕಿತ್ತು.”

ಕೆಟ್ಟುಹೋದದ್ದಕ್ಕೆ ಅವನು ಬಿಸಿ ಹಾಲು ಸುರಿದು ಕಲಸಿದ. ನಾಲ್ಕು ಜನ ನಾಲ್ಕು ಲೋಟ ಕುಡಿದೆವು. ಬಹಳ ಚೆನ್ನಾಗಿತ್ತು, ಇದನ್ನೇ ಮಾಡಲು ಹೊರಟಿದ್ದೆ ಎಂದು ಹೇಳಿ ನೋಡಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಅಂಗಡಿಯಿಂದ ಬೇರೆ ಚಾಕೊಲೇಟ್ ತಂದುಕೊಟ್ಟ. ಈ ಸಲ ಒಂದೊಂದು ಹಣ್ಣನ್ನೂ ಮಗುವಿನ ಮೈ ಒರೆಸಿದ ಹಾಗೆ ಟವೆಲಿನಲ್ಲಿ ಒರೆಸಿ ಅದ್ದಿದೆವು. ಕಂಬಳಿಹುಳಗಳಿಗೆ ಕಂದು ಕೋಟು ಬಂತು, ರಾಕೆಟ್‌ಗಳಿಗೆ ಹೊಗೆ ಬಂತು. ಚಪ್ಪಲಿಗೆ ಪಾಲಿಶ್ ಆಯಿತು.

ಕಡ್ಡಿಗಳನ್ನು ದಾರದಿಂದ ತಂತಿಗೆ ಬಿಗಿಯಾಗಿ ಕಟ್ಟುವಾಗ ಮಗಳು, “ಅಪ್ಪಾ, ಈ ಬಟ್ಟೆ ತೆಗೆದ್ಬಿಡು. ತಿನ್ನೋ ಪದಾರ್ಥದ ಮೇಲೆ ಬಣ್ಣ ಬಿಟ್ಟೀತು” ಎಂದಳು. ಮಾತು ಸರಿಯೇ. ಕೊಡೆಯ ಬಟ್ಟೆ ಬಿಚ್ಚಿಹಾಕಿದೆ. ಒತ್ತಿ ನೋಡಿದ್ದು ಬಟ್ಟೆ ಇದ್ದಾಗ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ನಲವತ್ತು ವರ್ಷದ ಕಸುಬಿನವನಿಗೆ ಹೊಳೆಯಲಿಲ್ಲ!

ನಾಲ್ಕು ಗಂಟೆಗೆ ಮಕ್ಕಳು ಬಂದರು. ಇಪ್ಪತ್ತಮೂರು ಜೊತೆ ಚಪ್ಪಲಿ ಬಾಗಿಲಲ್ಲಿ ಬಿತ್ತು. ತೋರ್ಸು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದು, ಮಡಚಿ ತೂಗುತ್ತಿದ್ದ ಕೊಡೆಯ ಎದುರು ಕೈಕಟ್ಟಿ ನಿಂತಳು.

“ಇದು ಬರೀ ಕಡ್ಡಿ ಕಟ್ಟಿರೋ ಕೊಡೆ. ಬಾಯಿಗೆ ಬರುತ್ತೆ ಅಂದಿದ್ದೆ ನೀನು.”

ಚೂಟಿ ನನ್ನ ಮುಖ ನೋಡಿದಳು. ಸುಮ್ಮನೆ ಒಂದೊಂದು ಕಡ್ಡಿ ಕೈಗೆ ಕೊಟ್ಟರಾಯಿತು ಎಂದುಕೊಂಡಿದ್ದವನು ನಾನು. ಬಾಯಿಗೆ ಬರುವ ಭಾಗಕ್ಕೆ ನನ್ನ ಹತ್ತಿರ ಏರ್ಪಾಡೇ ಇರಲಿಲ್ಲ. ಆದರೂ ತಲೆಯಾಡಿಸಿದೆ. ಅವಳು ಗುಂಡಿಯ ಮೇಲೆ ಬೆರಳಿಟ್ಟಳು. ತೋರ್ಸು ದೊಡ್ಡದಾಗಿ ಬಾಯಿ ತೆರೆದು, “ತೋ…” ಎಂದಳು.

ಠಪ್!

ಬಟ್ಟೆಯಿದ್ದರೆ ತಂತಿಗೆ ಅಂಕೆ ಇರುತ್ತದೆ. ಬಟ್ಟೆಯಿಲ್ಲದ ತಂತಿ ಹಗ್ಗ ಬಿಚ್ಚಿದ ಕರು. ಎಂಟೂ ತಂತಿ ಒಂದೇ ಏಟಿಗೆ ಮೇಲಕ್ಕೆ ಚಿಮ್ಮಿದವು. ಕಡ್ಡಿಗಳು ದಾರದಲ್ಲಿ ಹಾಗೇ ಉಳಿದವು, ತುದಿ ಚೂಪಿಲ್ಲದ ಕಡ್ಡಿಗಳಿಂದ ಹಣ್ಣುಗಳು ಮಾತ್ರ ಜಾರಿ ಹೊರಟವು. ರಾಕೆಟ್‌ಗಳು ನಿಜವಾಗಿ ರಾಕೆಟ್ ಆದವು. ಒಂದು ಕಂಬಳಿಹುಳ ಹೋಗಿ ಸೀಲಿಂಗಿಗೆ ಅಂಟಿಕೊಂಡಿತು. ಒಂದು ಅನಾನಸ್ ಚಪ್ಪಲಿ, ನೋಡಲು ಬಂದಿದ್ದ ಬೇಕರಿಯವನ ಹಣೆಗೆ ಬಿತ್ತು. ಮಗಳು ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದಳು. ಅದರಲ್ಲಿ ಈಗ ಒಂದು ಠಪ್ ಎಂಬ ಸದ್ದಿದೆ, ಆಮೇಲೆ ಪೂರ್ತಿ ಕಂದು ಬಣ್ಣ.

ಒಂದು ಸ್ಟ್ರಾಬೆರಿ, ನನ್ನ ಇಕ್ಕಳದಾಣೆ, ತೋರ್ಸುವಿನ ತೆರೆದ ಬಾಯಿಗೇ ಹೋಗಿ ಕುಳಿತಿತು.

ಚೂಟಿಯ ಬೆರಳು ಗುಂಡಿಯ ಮೇಲೇ ಇತ್ತು. ಮುಗಿಯಿತು, ನನ್ನಿಂದ ಈ ಮಗು ಹತ್ತನೇ ಕ್ಲಾಸಿನ ತನಕ ಬುರುಡೆಯೇ ಎಂದುಕೊಂಡೆ. ಎಲ್ಲರೂ ತೋರ್ಸುವನ್ನೇ ನೋಡುತ್ತಿದ್ದರು. ಅವಳು ಕಟ್ಟಿದ ಕೈ ಬಿಡದೆ ಅಗಿದಳು. ನುಂಗಿದಳು. ಮೂಗಿನ ಮೇಲಿದ್ದ ಚಾಕೊಲೇಟನ್ನು ಬೆರಳಲ್ಲಿ ತೆಗೆದು ನೆಕ್ಕಿದಳು.

“ಇನ್ನೊಂದ್ಸಲ ತೋರ್ಸು,” ಎಂದಳು.

ಆಮೇಲೆ ಕೇಳಬೇಕೇ? ಮಗಳು ನೆಲಕ್ಕೆ ಬೆಡ್‌ಶೀಟ್ ಹಾಸಿದಳು. ಬೇಕರಿಯವನು ಹಣೆ ಒರೆಸಿಕೊಂಡು ಹಣ್ಣು ಅದ್ದಲು ಕುಳಿತ. ನಾನು ಚುಚ್ಚಿದ್ದೇ ಚುಚ್ಚಿದ್ದು, ಚೂಟಿ ಒತ್ತಿದ್ದೇ ಒತ್ತಿದ್ದು. ಸುತ್ತಲೂ ಇಪ್ಪತ್ತಮೂರು ಬಾಯಿ, ಗೂಡಿನ ಮರಿಗಳ ಹಾಗೆ. ಬಾಯಿಗೆ ಬಂದದ್ದಕ್ಕಿಂತ ಕಿವಿಗೆ ಬಂದದ್ದೇ ಹೆಚ್ಚು, ಯಾರೂ ದೂರಲಿಲ್ಲ.

ಸೋಮವಾರ ಸಂಜೆ ಚೂಟಿ ಮತ್ತೆ ಚೀಲ ಇಳಿಸದೆ ಬಂದು ನಿಂತಳು. ನಾನು ಇಕ್ಕಳ ಕೆಳಗಿಟ್ಟೆ.

“ಯಾಕೆ, ಇನ್ನೂ ಬುರುಡೆ ಅಂತಾರಾ?”

“ನನ್ನನ್ನಲ್ಲಜ್ಜಾ, ತೋರ್ಸುನ! ಪಕ್ಕದ ಸೆಕ್ಷನ್‌ನವರಿಗೆ ಹೇಳಿದ್ಳು, ಯಾರೂ ನಂಬ್ಲಿಲ್ಲ. ಟೀಚರೂ ನಂಬ್ಲಿಲ್ಲ. ನಮ್ಮ ಕ್ಲಾಸಿಗೇ ಬುರುಡೆ ಕ್ಲಾಸ್ ಅಂತ ಹೆಸರು ಬಿತ್ತು.” ಹೇಳುತ್ತ ಅವಳ ಮುಖ ಊರಗಲವಾಯಿತು. ಇಪ್ಪತ್ತನಾಲ್ಕು ಬುರುಡೆಗಳ ನಡುವೆ ಒಬ್ಬಳಾಗಿರುವುದು ಎಷ್ಟು ಸುಖ!

ಅವಳ ಬೆನ್ನ ಹಿಂದೆ ತೋರ್ಸು ನಿಂತಿದ್ದಳು. ಅಮ್ಮನ ಕೈ ಹಿಡಿದು ಎಳೆದು ತಂದಿದ್ದಳು.

“ನಮ್ಮಮ್ಮ ನಂಬ್ತಾನೇ ಇಲ್ಲ. ನೀವೇ ಹೇಳಿ ಅಜ್ಜಾ.”

ಅವರನ್ನು ಮೇಲೆ ಮನೆಗೆ ಕರೆದುಕೊಂಡು ಹೋಗಿ, ಸೀಲಿಂಗಿನಲ್ಲಿ ಕಂಬಳಿಹುಳ ಬಿಟ್ಟುಹೋದ ಕಂದು ಕಲೆ ತೋರಿಸಿದೆ. ಮಗಳು ಒರೆಸಲು ಹೋದಾಗ ಚೂಟಿ ಸಾಕ್ಷಿಗೆ ಬೇಕೆಂದು ಉಳಿಸಿಕೊಂಡಿದ್ದ ಕಲೆ ಅದು.

“ಅಯ್ಯೋ, ಮಾಳಿಗೆ ಸೋರುತ್ತಾ?” ಎಂದರು ತೋರ್ಸುವಿನ ಅಮ್ಮ.

ಆಗ ನಾನು ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದೆ. ನಡೆದದ್ದನ್ನು ನಡೆದಷ್ಟೇ ಹೇಳಿದೆ. ಒಂದು ದ್ರಾಕ್ಷಿಯನ್ನೂ ಸೇರಿಸಲಿಲ್ಲ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏನ್ ಬುರುಡೆ ಬಿಡ್ತೀರಜ್ಜಾ! ಇವಳು ಹೇಳಿದ್ದ ಸೆಲೂನ್ ಕಥೆಗಿಂತ ಇದೇ ಚೆನ್ನಾಗಿದೆ.”

ಇಬ್ಬರು ಹುಡುಗಿಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ಕೊಡೆ ತರಲು ಓಡಿದಳು, ಇನ್ನೊಬ್ಬಳು ಬಾಳೆಹಣ್ಣು ತರಲು.

“ಆಂಟಿ,” ಎಂದಳು ಚೂಟಿ, ಬಹಳ ಮರ್ಯಾದೆಯಿಂದ, “ಸ್ವಲ್ಪ ಇಲ್ಲಿ ಬಂದು ನಿಂತ್ಕೊಳ್ಳಿ. ಹಾಂ, ಅಲ್ಲೇ. ಈಗ ಬಾಯಿ ತೆಗೀರಿ.”